ಪಡುವಣ ಗಾಜಿನ ಗೋಡೆಯವರ ಸನ್ನಿಧಾನಕ್ಕೆ

ಜಗಳೂರಿನ ನಮ್ಮ ಕಂಬಳಿ ನೇಕಾರರ ಸಂಘದ ಹೊಸ ಕಟ್ಟಡದ ಪಡುವಣ ದಿಕ್ಕಿನಲ್ಲಿ, ನೆಲದಿಂದ ಮಹಡಿಯ ತಲೆಯವರೆಗೆ ನೀಲಿಯಾಗಿ ನಿಂತು, ಬಸ್ಸಿನಲ್ಲಿ ಹೋಗುವವರೆಲ್ಲ ಕತ್ತು ತಿರುಗಿಸಿ ನೋಡುವಂತೆ ಮಾಡಿರುವ ಗಾಜಿನ ಗೋಡೆಯವರಿಗೆ, ಅದೇ ಕಟ್ಟಡದೊಳಗೆ ಉಣ್ಣೆ ನೂಲುವ ಗಾದ್ರಮ್ಮ ಕೈಮುಗಿದು ಬರೆಯುವುದು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ದಿನವೂ ಮಧ್ಯಾಹ್ನ ಎರಡು ಗಂಟೆಯಿಂದ ನಮಗೆ ಗೊತ್ತಾಗುತ್ತಲೇ ಇರುತ್ತದೆ, ಆದ್ದರಿಂದ ಕುಶಲ ಕೇಳುವುದಿಲ್ಲ. ನನಗೆ ದೊಡ್ಡವರಿಗೆ ಪತ್ರ ಬರೆದು ಅಭ್ಯಾಸವಿಲ್ಲ. ಎಸ್ಸೆಸ್ಸೆಲ್ಸಿ ಮುಗಿದ ವರ್ಷದಿಂದ ದಿನಕ್ಕೆ ನಾಲ್ಕು ಸಾಲು ದಿನಚರಿ ಬರೆದುಕೊಂಡು ಬಂದಿದ್ದೇನೆ, ಅದನ್ನೇ ಮುಂದಿಟ್ಟುಕೊಂಡು ಇದನ್ನು ಬರೆಯುತ್ತಿರುವುದರಿಂದ ತಿಂಗಳು ವಾರಗಳಲ್ಲಿ ತಪ್ಪಿರಲಾರದು. ವಿಷಯವೇನೆಂದರೆ, ಬರುವ ಸೋಮವಾರ ತಮ್ಮನ್ನು ಇಳಿಸುವ ಕೆಲಸ ಶುರುವಾಗುತ್ತದೆ. ಅದೇ ದಿನ, ತಮ್ಮ ಎಡಗಡೆ ಮೂಲೆಯಲ್ಲಿ ನನ್ನ ಯಜಮಾನರು ಗೋಣೆಪ್ಪ ಮೇಸ್ತ್ರಿಯವರು ಕಟ್ಟಿದ ಆರಡಿ ಅಗಲದ ತೂತಿನ ಇಟ್ಟಿಗೆಯ ಗೋಡೆಯನ್ನೂ ಒಡೆದು ಹಾಕುವುದೆಂದು ಸಂಘ ತೀರ್ಮಾನಿಸಿದೆ. ಅವರು ಕೊನೆಯದಾಗಿ ಕಟ್ಟಿದ ಗೋಡೆ ಅದು. ಸಂಘದವರು ಮೊದಲಿನಿಂದಲೂ ನಮ್ಮ ಮಾತಿಗಿಂತ ತಮ್ಮ ಹೊಳಪಿಗೆ ಹೆಚ್ಚು ಬೆಲೆ ಕೊಟ್ಟವರಾದ್ದರಿಂದ, ಆ ಗೋಡೆಯ ಪರವಾಗಿ ತಾವೇ ಒಂದು ಮಾತು ಹೇಳಬೇಕೆಂದು ಕೇಳಿಕೊಳ್ಳಲು ಈ ಪತ್ರ.

ತಮ್ಮ ಉಪಕಾರಗಳನ್ನು ನಾನು ಮರೆತಿಲ್ಲ. ಕಟ್ಟಡ ಏಳುವಾಗ ನನ್ನ ಯಜಮಾನರು ಸಂಘದ ಕಾರ್ಯದರ್ಶಿ ವಿರೂಪಾಕ್ಷಪ್ಪನವರಿಗೆ, "ಪಡುವಣಕ್ಕೆ ಗಾಜು ಬ್ಯಾಡ್ರಿ, ಮೂರಡಿ ಸಜ್ಜಾ ಇಳಿಸಿ ಸಣ್ಣ ಕಿಟಕಿ ಬಿಡ್ರಿ, ಒಳಗೆ ಕುಂತು ದುಡಿಯೋರು ಮನುಷ್ಯರು ಅದಾರೆ" ಎಂದು ಹೇಳಿದ್ದರು. ಅದಕ್ಕೆ ಕಾರ್ಯದರ್ಶಿಗಳು, "ಮೇಸ್ತ್ರಿ, ನೀವು ಗಾರೆ ನೋಡ್ರಿ, ಎಲಿವೇಶನ್ ನಾವು ನೋಡ್ತೀವಿ" ಎಂದರು. ಕಟ್ಟಡದ ಮುಂಭಾಗಕ್ಕೆ ಎಲಿವೇಶನ್ ಎನ್ನುತ್ತಾರೆಂದು ನಾವು ತಿಳಿದುಕೊಂಡದ್ದು ತಮ್ಮಿಂದಲೇ. ಅದಕ್ಕೂ ಮೊದಲು ನಮ್ಮ ಕಟ್ಟಡಗಳಿಗೆ ಮುಂಭಾಗವಿತ್ತು, ಒಳಗೆ ನೆರಳಿತ್ತು, ವಿದ್ಯೆಯೊಂದು ಇರಲಿಲ್ಲ.

ಹೋದ ವರ್ಷ ಏಪ್ರಿಲ್‌ನಲ್ಲಿ ಉದ್ಘಾಟನೆಯಾಯಿತು. ನಮ್ಮ ಪದ್ಧತಿಯಂತೆ ಬಂದ ಅತಿಥಿಗಳಿಗೆ ಶಾಲಿನ ಬದಲು ಹೊಸ ಕರಿ ಕಂಬಳಿ ಹೊದಿಸಿ, ಕಂಬಳಿಯ ಗದ್ದಿಗೆಯ ಮೇಲೆ ಕೂರಿಸಿದೆವು. ಹೊದಿಸಿದ ಕಂಬಳಿಯನ್ನು ಸಭೆ ಮುಗಿಯುವವರೆಗೆ ತೆಗೆಯುವಂತಿಲ್ಲ, ತೆಗೆದರೆ ಕುಲಕ್ಕೇ ಅವಮಾನ. ಆಗ ಸಂಜೆ ನಾಲ್ಕು ಗಂಟೆ, ತಾವು ಸೂರ್ಯನನ್ನು ಪೂರ್ತಿ ಒಳಗೆ ಬರಮಾಡಿಕೊಂಡು ಬಾಗಿಲು ಹಾಕಿಕೊಂಡಿದ್ದಿರಿ. ಅತಿಥಿಗಳು ಮೇಲಿನಿಂದ ಉಣ್ಣೆ, ಕೆಳಗಿನಿಂದ ಉಣ್ಣೆ, ಎದುರಿನಿಂದ ತಾವು ಎಂಬಂತೆ ಕುಳಿತು, ಎರಡೇ ಮಾತಿನಲ್ಲಿ ಭಾಷಣ ಮುಗಿಸಿದರು. ಅಷ್ಟು ಚಿಕ್ಕ ಭಾಷಣ ಜಗಳೂರು ತಾಲ್ಲೂಕಿನಲ್ಲಿ ಯಾರೂ ಕೇಳಿರಲಿಲ್ಲ. ಅದರ ಶ್ರೇಯಸ್ಸು ತಮಗೇ ಸೇರಬೇಕು.

ಆಮೇಲೆ ನಮ್ಮ ದುಡಿಮೆ ಶುರುವಾಯಿತು. ಕಂಬಳಿಯ ಉದ್ದಕ್ಕೆ ಹೂಡುವ ಹಾಸಿನ ಎಳೆಗಳಿಗೆ ಹುಣಸೆಬೀಜದ ಗಂಜಿ ಹಚ್ಚಿ, ಅದು ನಿಧಾನಕ್ಕೆ ಆರಿದರೆ ಎಳೆ ಗಟ್ಟಿಯಾಗುತ್ತದೆ. ತಮ್ಮ ಎದುರಿಗೆ ಅದು ಹಚ್ಚಿದ ಕೈ ತೆಗೆಯುವುದರೊಳಗೆ ಒಣಗಿ, ಮಗ್ಗಕ್ಕೆ ಏರಿಸಿದರೆ ಹಪ್ಪಳದಂತೆ ಮುರಿಯುತ್ತಿತ್ತು. ಎರಡು ಎ.ಸಿ. ತಂದರು. ಅವು ತಮ್ಮ ಕಡೆಗೆ ಮುಖ ಮಾಡಿ ಹಗಲೆಲ್ಲ ಉಸಿರುಬಿಟ್ಟು, ತಮ್ಮನ್ನು ತಣ್ಣಗಿಡಲು ನೋಡಿ ಸೋತವು. ಕೊನೆಗೆ ನಮ್ಮಲ್ಲಿ ಹಿರಿಯವಳಾದ ಕಾಟಮ್ಮನೇ ಉಪಾಯ ಹೇಳಿದಳು. ನೇಯ್ದ ಕಂಬಳಿಗಳನ್ನೆಲ್ಲ ತಮಗೆ ಒಳಗಿನಿಂದ ಇಳಿಬಿಟ್ಟೆವು. ಹೀಗೆ ಬೆಳಕಿಗೆಂದು ಬಂದ ತಮಗೆ ಕಂಬಳಿ ಹೊದಿಸಿ, ಹಾಡಹಗಲಲ್ಲಿ ಟ್ಯೂಬ್‌ಲೈಟ್ ಹಾಕಿಕೊಂಡು ನೂಲುವ ಭಾಗ್ಯ ನಮ್ಮದಾಯಿತು. ಮೂರು ತಿಂಗಳಿಗೆ ಕರಿ ಕಂಬಳಿಗಳ ಒಂದು ಮಗ್ಗುಲು ಸುಟ್ಟ ರೊಟ್ಟಿಯ ಹಾಗೆ ಕೆಂಚಗಾಯಿತು. "ಇದೂ ಒಂದು ಡಿಸೈನ್ ಅಂತ ಹೇಳಿ ಮಾರಾಕೆ ಬರ್ತೈತೆ ಬಿಡ್ರಿ" ಎಂದು ಕಾರ್ಯದರ್ಶಿಗಳು ಸಮಾಧಾನ ಹೇಳಿದರು. ಕಾಟಮ್ಮ ತನ್ನ ತೋಳು ಮುಂದೆ ಚಾಚಿ, "ನಾನೂ ಹಂಗೇ ಆಗೀನಿ, ನನ್ನೂ ಮಾರ್ರಿ" ಎಂದಳು.

ಜುಲೈ ಎರಡನೇ ವಾರ ತಮಗೊಂದು ಅಪಘಾತವಾಯಿತು. ಸೊಕ್ಕೆಯ ಮಾಲತೇಶ ಉಣ್ಣೆ ಹಾಕಲು ಬಂದವನು ತನ್ನ ಟಗರನ್ನೂ ಹಿಡಿದು ತಂದಿದ್ದ. ಟಗರಿಗೆ ತಮ್ಮೊಳಗೆ ತನ್ನಷ್ಟೇ ಕೊಂಬಿನ ಇನ್ನೊಂದು ಟಗರು ಕಂಡಿತು. ಎದುರಿನವನು ಹಿಂದೆ ಸರಿಯದ್ದನ್ನು ಕಂಡು ನಮ್ಮದು ನಾಲ್ಕು ಹೆಜ್ಜೆ ಹಿಂದೆ ಹೋಗಿ ಬಂದು ಗುದ್ದಿತು. ಎಡಗಡೆ ಕೆಳಗಿನ ಗಾಜಿನ ಹಲಗೆ ಪುಡಿಯಾಯಿತು. ಟಗರಿಗೆ ಏನೂ ಆಗಲಿಲ್ಲ, ಗೆದ್ದೆನೆಂದು ತಿಳಿದುಕೊಂಡಿತು. ಆ ಗಳಿಗೆಯಲ್ಲಿ ಕಟ್ಟಡದೊಳಗೆ ಮೊದಲ ಬಾರಿಗೆ ಗಾಳಿ ಬಂತು. ತಮಗೆ ನೋವಾದ ದಿನ ನಮಗೆ ಹಾಯೆನಿಸಿತೆಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ದಿನಚರಿಯಲ್ಲಿ ಹಾಗೆಯೇ ಇದೆ.

ತಮ್ಮ ಮನೆತನ ದೊಡ್ಡದು. ಆ ಅಳತೆಯ ಇನ್ನೊಂದು ಹಲಗೆ ಹತ್ತಿರದಲ್ಲೆಲ್ಲೂ ಸಿಗಲಿಲ್ಲ. ಬೇರೆ ಮಾಡಿಸಿದರೂ ಕೂರಿಸಲು ಕ್ರೇನ್ ಬೇಕು, ಕ್ರೇನ್ ಬಂದರೂ ಗಾಜು ಹಿಡಿದು ಬಲ್ಲ ನಾಲ್ಕು ಜನ ದೂರದಿಂದ ಬರಬೇಕು ಎಂದಾಯಿತು. ಅಲ್ಲಿಯವರೆಗೆ ಮೂಲೆ ಮುಚ್ಚಿಕೊಡಲು ನನ್ನ ಯಜಮಾನರನ್ನು ಕರೆದರು. ಅವರು ಹೊನ್ನಾಳಿ ಕಡೆಯ ಇಟ್ಟಿಗೆ ಗೂಡಿನಿಂದ ತೂತಿನ ಇಟ್ಟಿಗೆ ತರಿಸಿದರು. ಮಳೆನೀರು ಒಳಗೆ ಬರದಂತೆ ಪ್ರತಿ ಇಟ್ಟಿಗೆಯನ್ನೂ ಬೆರಳಗಲ ಹೊರಕ್ಕೆ ಬಾಗಿಸಿ ಇಟ್ಟು, ಮೂರು ದಿನದಲ್ಲಿ ಗೋಡೆ ಎಬ್ಬಿಸಿದರು. ಕೈಗೆ ಇಟ್ಟಿಗೆ ಕೊಟ್ಟವಳು ನಾನು. ಮೂರನೇ ದಿನ ಸಂಜೆ ಒಳಗೆ ಬಂದು ಅಂಗೈಯನ್ನು ತೂತುಗಳ ಎದುರು ಹಿಡಿದು, "ಗಾಳಿ ಬರ್ತೈತೆ, ಬಿಸಿಲು ಬರಲ್ಲ. ಸಾಕಲ್ಲ?" ಎಂದರು. ಮರುದಿನವೇ ನೂಲುವ ನಾವು ಎಂಟು ಜನ ಹೆಂಗಸರೂ ರಾಟೆಗಳನ್ನು ಆ ಆರಡಿಯ ಎದುರಿಗೆ ಎಳೆದುಕೊಂಡೆವು. ಉಳಿದ ಹಾಲ್ ಪೂರ್ತಿ ತಮ್ಮ ದರ್ಶನಕ್ಕೆ ಬಿಟ್ಟುಕೊಟ್ಟೆವು.

ನವೆಂಬರ್‌ನಲ್ಲಿ ಒಂದು ಬೆಳಿಗ್ಗೆ ನನ್ನ ಯಜಮಾನರು ಎದೆ ಹಿಡಿದುಕೊಂಡು ಕುಳಿತವರು ಮತ್ತೆ ಏಳಲಿಲ್ಲ. ಆ ದಿನದ ಪುಟದಲ್ಲಿ, ಚಳಿ ಶುರುವಾಗಿದೆ ಎಂದು ಒಂದು ಸಾಲು ಬರೆದಿದ್ದೇನೆ. ತಮಗೆ ಇಂಥವುಗಳ ಪರಿಚಯವಿರಲಾರದು, ತಮ್ಮಲ್ಲಿ ಒಬ್ಬರು ಹೋದರೆ ಅದೇ ಅಳತೆಯಲ್ಲಿ ಇನ್ನೊಬ್ಬರನ್ನು ಮಾಡಿಸಿಕೊಡುವ ಕಾರ್ಖಾನೆ ಇದೆ.

ಈ ವರ್ಷ ಮಾರ್ಚ್‌ನಲ್ಲಿ ಕರೆಂಟ್ ಬಿಲ್ಲನ್ನು ನೋಡಲಾರದೆ ಸಂಘದವರು ಎಂಜಿನಿಯರ್ ಚೈತ್ರಶ್ರೀ ಅವರನ್ನು ಕರೆಸಿದರು. ಆ ಹುಡುಗಿ ಎರಡು ದಿನ ಬಿಸಿ ಅಳೆಯುವ ಯಂತ್ರ ಹಿಡಿದು ಓಡಾಡಿ, ತಮ್ಮ ಮೈಯನ್ನೂ ನಮ್ಮ ಮೂಲೆಯನ್ನೂ ಮುಟ್ಟಿ ನೋಡಿ, ನಕ್ಷೆ ಬರೆದರು. ಅದರಂತೆ ಪಡುವಣ ಮುಖದ ಮುಕ್ಕಾಲು ಭಾಗಕ್ಕೆ ಬಾಗಿಸಿಟ್ಟ ತೂತಿನ ಇಟ್ಟಿಗೆ. ಇಟ್ಟಿಗೆಗಳನ್ನು ನೆಲದ ಮೇಲೆಯೇ ಸಣ್ಣ ಕಬ್ಬಿಣದ ಚೌಕಟ್ಟುಗಳಿಗೆ ಜೋಡಿಸಿ, ಇಬ್ಬರು ಎತ್ತಿ ಕೂರಿಸುವಂತೆ ಮಾಡುವುದು, ಕ್ರೇನ್ ಬೇಡ. ಗಾಜು ಮೇಲುಗಡೆ ಒಂದು ಪಟ್ಟಿ ಮಾತ್ರ, ಅದರ ಮೇಲೆ ಮೂರಡಿ ಸಜ್ಜಾ. ವಿರೂಪಾಕ್ಷಪ್ಪನವರು ನಕ್ಷೆಯನ್ನು ಹಿಂದೆ ಮುಂದೆ ತಿರುಗಿಸಿ, "ಇದು ಭಾರಿ ಹೊಸ ಐಡಿಯಾ ಐತೆ ಕಣಮ್ಮ" ಎಂದರು. ಚೈತ್ರಶ್ರೀ ಮೂಲೆಯ ಕಡೆ ಕೈ ತೋರಿಸಿ, "ಹೊಸದೇನಲ್ಲ ಸರ್, ಅಲ್ಲೇ ಐತಲ್ಲ" ಎಂದರು. ಕಾರ್ಯದರ್ಶಿಗಳು ಆ ಕಡೆ ನೋಡಿದರು, ತಾತ್ಕಾಲಿಕದ್ದು ತಾನೇ ಎಂದು ಅಷ್ಟು ದಿನ ಅದನ್ನು ಕಣ್ಣೆತ್ತಿ ನೋಡಿರಲೇ ಇಲ್ಲ.

ಆದರೆ ತಾತ್ಕಾಲಿಕವಾದದ್ದು ಮೊದಲು ಹೋಗಬೇಕೆಂಬುದು ನಿಯಮವಂತೆ. ಹೊಸ ಚೌಕಟ್ಟಿಗೆ ಅದೇ ಮೂಲೆಯಿಂದ ಗೆರೆ ಎಳೆಯಬೇಕು, ಹಳೆಯ ಗೋಡೆ ಒಂದು ಗೇಣು ಅಡ್ಡ ಬರುತ್ತದೆ. ಚೈತ್ರಶ್ರೀ ಅಳೆದು ತೋರಿಸಿದರು, ಸುಳ್ಳಲ್ಲ. ನನ್ನ ಮುಖ ನೋಡಿ ಕಾರ್ಯದರ್ಶಿಗಳು, "ಗಾದ್ರಮ್ಮ, ಮೇಸ್ತ್ರಿ ಫೋಟೊ ದೊಡ್ಡದು ಮಾಡಿಸಿ ಹಾಲ್‌ನಾಗೆ ಹಾಕ್ಸೋಣ ಬಿಡ್ರಿ" ಎಂದರು. ಅವರ ಮನಸ್ಸು ಒಳ್ಳೆಯದು. ಆದರೆ ಫೋಟೊದಿಂದ ಗಾಳಿ ಬರುವುದಿಲ್ಲ.

ಆದ್ದರಿಂದ ಮಾನ್ಯರೇ, ತಮ್ಮ ಘನತೆಗೆ ತಕ್ಕಂಥ ಕೆಲವು ಕೋರಿಕೆಗಳು. ಸೋಮವಾರದೊಳಗೆ ತಾವಾಗಿಯೇ ಒಂದು ಗೇಣು ಹಿಂದೆ ಸರಿದು ಗೆರೆಗೆ ಜಾಗ ಮಾಡಿಕೊಡಬೇಕು. ಅದಾಗದಿದ್ದರೆ ಕಟ್ಟಡವನ್ನು ಉತ್ತರಕ್ಕೆ ತಿರುಗಿಸಿಕೊಡಬೇಕು. ಅದೂ ಕಷ್ಟವಾದರೆ, ಸೂರ್ಯನು ಇನ್ನು ಮುಂದೆ ಕಾರ್ಯದರ್ಶಿಗಳ ಅನುಮತಿ ಪಡೆದು ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ಮಾತ್ರ ಭೇಟಿ ಕೊಡತಕ್ಕದ್ದೆಂದು ಅವನಿಗೆ ತಿಳಿಸಬೇಕು. ಯಾವುದೂ ಆಗದಿದ್ದರೆ, ತಾವು ಮೂಲತಃ ಮರಳು ಎಂದು ಚೈತ್ರಶ್ರೀ ಹೇಳಿದರು, ಸೋಮವಾರದ ಹೊತ್ತಿಗೆ ಮತ್ತೆ ಮರಳಾಗಿಬಿಡಿ. ಒಳ್ಳೆಯ ಮರಳು ಸಿಗದ ಕಾಲ, ಗಾರೆಗಾದರೂ ಆಗುತ್ತೀರಿ.

ಇಷ್ಟು ಬರೆದ ಮೇಲೆ ನಿನ್ನೆ ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಯಾರೂ ಇಲ್ಲದಾಗ, ಮೇಲಿನ ಸಾಲಿನ ಒಂದು ಇಟ್ಟಿಗೆಯನ್ನು ಹಿಡಿದು ಅಲ್ಲಾಡಿಸಿದೆ. ಅದು ಹಾಗೆಯೇ ಕೈಗೆ ಬಂತು. ಒಂದು ಚೂರೂ ಮುಕ್ಕಾಗಿರಲಿಲ್ಲ. ಇಟ್ಟಿಗೆ ಕೊಡುವ ಭರದಲ್ಲಿ ನಾನು ಗಾರೆಯ ಕಡೆ ನೋಡಿರಲಿಲ್ಲ, ಅವರು ಸಿಮೆಂಟನ್ನೇ ಹಾಕದೆ ಸುಣ್ಣ ಬೆರೆಸಿದ ಕೆಮ್ಮಣ್ಣಿನಲ್ಲಿ ಕೂರಿಸಿದ್ದರು. ತೆಗೆಯುವ ಗೋಡೆಯೆಂದು ಹೇಳಿ ಕಟ್ಟಿಸಿದ್ದರಿಂದ, ತೆಗೆಯುವವರಿಗೆ ಕಷ್ಟವಾಗದ ಹಾಗೆ ಕಟ್ಟಿದ್ದರು. ತೆಗೆಯುವವಳು ನಾನೇ ಆಗುತ್ತೇನೆಂದು ಅವರಿಗೆ ಗೊತ್ತಿರಲಿಲ್ಲ.

ಇವತ್ತು ಬೆಳಿಗ್ಗೆ ಚೈತ್ರಶ್ರೀ ಅವರಿಗೆ ಆ ಇಟ್ಟಿಗೆ ತೋರಿಸಿದೆ. ಅವರು ಅದನ್ನು ಚೌಕಟ್ಟಿನಲ್ಲಿಟ್ಟು ನೋಡಿ, ಸರಿಯಾಗಿ ಕೂರುತ್ತದೆ ಎಂದರು. ಸುತ್ತಿಗೆಯವರು ಬೇಡ ಎಂದು ಕಾರ್ಯದರ್ಶಿಗಳಿಗೆ ಹೇಳಿ ಬಂದಿದ್ದೇನೆ. ಸೋಮವಾರ ಕಾಟಮ್ಮನೂ ನಾನೂ ಆ ಗೋಡೆಯನ್ನು ಮೇಲಿನಿಂದ ಒಂದೊಂದೇ ಇಟ್ಟಿಗೆಯಾಗಿ ಇಳಿಸಿ, ಮಣ್ಣು ಕೆರೆದು, ಮೊದಲ ಚೌಕಟ್ಟುಗಳಿಗೆ ಜೋಡಿಸಿ ಕೊಡುತ್ತೇವೆ. ಆದಕಾರಣ ಮೇಲಿನ ನನ್ನ ಕೋರಿಕೆಗಳನ್ನೆಲ್ಲ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ತಾವು ಯಾರಿಗೂ ಯಾವ ಮಾತನ್ನೂ ಹೇಳುವ ಶ್ರಮ ತೆಗೆದುಕೊಳ್ಳಬೇಕಾಗಿಲ್ಲ, ಕ್ರೇನ್ ಬರುವವರೆಗೆ ಅಲ್ಲಿಯೇ ನಿಂತು ನೋಡುತ್ತಿದ್ದರೆ ಸಾಕು.

ಇಂತಿ, ಒಂದು ವರ್ಷ ಪೂರ್ತಿ ತಮ್ಮ ಎದುರಿಗೆ ಕಾದ
ತಮ್ಮ ವಿಶ್ವಾಸಿ,
ಗಾದ್ರಮ್ಮ, ಜಗಳೂರು

ತಾ.ಕ.: ಇಳಿಸಿದ ಮೇಲೆ ತಮ್ಮ ಗತಿಯೇನೆಂದು ಚಿಂತೆ ಬೇಡ. ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಯಿಂದ ವಿನಯ್ ಕುಮಾರ್ ಎಂಬವರು ತಮ್ಮನ್ನು ಕೇಳಿಕೊಂಡು ಬಂದಿದ್ದರು. ತಮ್ಮ ಬಣ್ಣ, ಹೊಳಪು, ಎಲಿವೇಶನ್ ಯಾವುದನ್ನೂ ಅವರು ವಿಚಾರಿಸಲಿಲ್ಲ. "ಒಳಗೆ ಚೆನ್ನಾಗಿ ಕಾಯ್ತೈತೇನಮ್ಮ?" ಎಂದಷ್ಟೇ ಕೇಳಿದರು. ಅಡಿಕೆ ಒಣಗಿಸುವ ಶೆಡ್ಡಿಗಂತೆ. ತಮ್ಮ ಯೋಗ್ಯತೆಯ ಬಗ್ಗೆ ನಾವು ಎಂಟು ಜನರೂ ಒಂದೇ ಬಾಯಲ್ಲಿ ಸಾಕ್ಷಿ ಹೇಳಿದ್ದೇವೆ.