ಪಂಚಮಿಯೊಳಗೆ ಒಂದು ವೆಲ್ಡಿಂಗ್ ಮಷೀನು

ಸುಮ್ಮನೆ ಕೂಡಲಾರದವನ ಮನೆಯಲ್ಲಿ ನಗೆಪಾಟಲಿಗೆ ಬರಗಾಲವಿಲ್ಲ. ಜನ ಒಂದನ್ನು ಮರೆಯುವಷ್ಟರಲ್ಲಿ ಇನ್ನೊಂದು ತಯಾರಾಗಿರುತ್ತದೆ. ನಾನು ಅಣ್ಣಿಗೇರಿ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ಸಾಲೆ ಬಿಟ್ಟ ಮೇಲೆ ಕೈಗೆ ಏನಾದರೂ ಬೇಕು, ಇಲ್ಲದಿದ್ದರೆ ಉಂಡದ್ದು ಮೈಗೆ ಹತ್ತುವುದಿಲ್ಲ. ಮಿಕ್ಸರ್ ಬಿಚ್ಚಿದ್ದೇನೆ, ನಳ ಬಿಚ್ಚಿದ್ದೇನೆ, ಹೆಂಡತಿಯ ಹೊಲಿಗೆ ಮಷೀನನ್ನೂ ಬಿಚ್ಚಿದ್ದೇನೆ. ಮತ್ತೆ ಜೋಡಿಸಿದ ವಿಷಯ ಈಗ ಬೇಡ.

ಈ ಸಲದ್ದು ಶುರುವಾದದ್ದು ತಂಗಿಯ ಫೋನಿನಿಂದ. ಅವಳನ್ನು ಕಲಘಟಗಿ ಕಡೆ ದೇವಿಕೊಪ್ಪಕ್ಕೆ ಕೊಟ್ಟಿದ್ದೇವೆ. ನಾಗರ ಪಂಚಮಿಗೆ ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬಂದು ಜೋಕಾಲಿ ಆಡಬೇಕು. ನಮ್ಮ ಮನೆ ಮುಂದಿನ ಬೇವಿನ ಗಿಡ ರಸ್ತೆ ಅಗಲ ಮಾಡುವಾಗ ಹೋಯಿತು. ಅದು ಹೋದ ವರ್ಷ ತಂಗಿಯೂ ಬರಲಿಲ್ಲ. ಈ ವರ್ಷವಾದರೂ ಬಾ ಎಂದೆ.

"ಅಣ್ಣಾ, ಇಲ್ಲಿ ಗಿಡಕ್ಕೊಂದು ಜೋಕಾಲಿ ಕಟ್ಟತಾರ. ನಿಮ್ಮ ಎರಿ ಮಣ್ಣಿನ ಸೀಮ್ಯಾಗ ಕಾಗಿ ಕುಂದ್ರಾಕೂ ಗಿಡ ಇಲ್ಲ. ಜೋಕಾಲಿ ಇಲ್ಲದ ಪಂಚಮಿಗೆ ನಾ ಯಾಕ ಬರ್ಲಿ?" ಎಂದಳು.

ಅವಳಿಲ್ಲದ ಆ ಹಬ್ಬದಲ್ಲಿ ಶೇಂಗಾ ಉಂಡಿಯ ಡಬ್ಬಿ ಮುಚ್ಚಳ ತೆಗೆಯದೆ ಉಳಿದಿತ್ತು. ಅದು ನನಗೆ ಇನ್ನೂ ಚುಚ್ಚುತ್ತಿತ್ತು. "ಕಬ್ಬಿಣದ ಜೋಕಾಲಿ ನಾನ ಮಾಡ್ತೀನಿ, ನೀ ಬಾ" ಎಂದುಬಿಟ್ಟೆ. ಫೋನು ಇಟ್ಟ ಮೇಲೆ ನೆನಪಾಯಿತು, ನನ್ನ ಹತ್ತಿರ ವೆಲ್ಡಿಂಗ್ ಮಷೀನಿಲ್ಲ. ಮಾಡಲು ಬರುವುದೂ ಇಲ್ಲ.

ಚಾಚಾನ ಲೆಕ್ಕ

ಸಂತೆ ಬಯಲಿನ ಬಾಜು ವೆಲ್ಡಿಂಗ್ ಅಂಗಡಿ ಇಟ್ಟಿರುವ ಚಾಚಾನ ಹತ್ತಿರ ಹೋದೆ. ನಾನು ಸ್ವಂತ ಮಷೀನು ತೆಗೆದುಕೊಳ್ಳುತ್ತೇನೆ ಎಂದರೆ ಅವರ ಗಿರಾಕಿ ಒಬ್ಬ ಕಡಿಮೆಯಾದಂತೆ. ಬೇಸರವಾದೀತೆಂದು ಮಾತನ್ನು ಸುತ್ತಿ ಬಳಸಿ ಹೇಳಿದೆ.

ಚಾಚಾ ಖುಷಿಯಾದರು. "ತಗೋರಿ ಸರ್ರ, ಅಗದಿ ಛಲೋ ಆತು. ನನಗೂ ಕೆಲಸ ಹೆಚ್ಚಾಗತೈತಿ."

"ನಾನ ಮಾಡ್ಕೊಂಡ್ರ ನಿಮಗ ಹೆಂಗ ಹೆಚ್ಚಾಗತೈತ್ರಿ?"

"ಈಗ ಬರೇ ಹಚ್ಚೂದೊಂದ ಕೆಲಸ. ಇನ್ನ ಮ್ಯಾಲೆ ನೀವು ಹಚ್ಚಿದ್ದನ್ನ ಬಿಡಸೂದೊಂದು, ತಿರುಗಿ ಹಚ್ಚೂದೊಂದು."

ಹೋಗುವಾಗ ಕರಿ ಗಾಜಿಲ್ಲದೆ ಬೆಂಕಿ ನೋಡಬೇಡಿ, ನೈಲಾನ್ ಅಂಗಿ ಹಾಕಬೇಡಿ ಎಂದು ಕಾಳಜಿಯಿಂದ ಹೇಳಿ, ಚಹಾ ಕುಡಿಸಿ ಕಳಿಸಿದರು.

ಹಗುರದ್ದೋ ಭಾರದ್ದೋ

ಮಷೀನಿನಲ್ಲಿ ಎರಡು ಜಾತಿ. ಒಂದು ಇನ್ವರ್ಟರ್, ಊಟದ ಡಬ್ಬಿಯಷ್ಟು ಹಗುರ, ಮನೆಯ ಕರೆಂಟಿಗೆ ಹೊಂದಿಕೊಳ್ಳುತ್ತದೆ. ಇನ್ನೊಂದು ಹಳೆಯ ಪದ್ಧತಿಯದು, ಒಳಗೆ ತಾಮ್ರದ ತಂತಿ ಸುತ್ತಿದ ಭಾರದ ಪೆಟ್ಟಿಗೆ, ಬಾಳಿಕೆ ಹೆಚ್ಚು, ಕರೆಂಟು ಮಾತ್ರ ಕುಡಿದು ಹಾಕುತ್ತದೆ. ನಾನು ಫೋನಿನಲ್ಲಿ ವಿಡಿಯೋ ನೋಡಿದ್ದೇ ನೋಡಿದ್ದು. ಬೆಳಿಗ್ಗೆ ಹಗುರದ್ದು ಅನ್ನಿಸಿದರೆ ಸಂಜೆಗೆ ಭಾರದ್ದು. ಊಟಕ್ಕೆ ಕೂತವನು ಎದ್ದು ಹೋಗಿ ಇನ್ನೊಂದು ವಿಡಿಯೋ ಹಾಕುತ್ತಿದ್ದೆ.

ಒಂದು ದಿನ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು: "ನನ್ನ ನೋಡಾಕ ಬಂದಾಗ ಒಂದ ಕಪ್ ಚಾ ಮುಗಿಯೂದ್ರಾಗ ಹೂಂ ಅಂದ್ರಿ. ಈ ಡಬ್ಬಿಗೆ ಇಷ್ಟ ವಿಚಾರ ಏನ್ರಿ?"

"ಇದನ್ನ ಜನ್ಮಪೂರ್ತಿ ಇಟ್ಕೋಬೇಕಲ್ಲ" ಎಂದೆ. ಅವತ್ತು ರೊಟ್ಟಿ ನಾನೇ ಹಾಕಿಕೊಂಡು ಉಂಡೆ.

ವಲ್ಲಿಯ ಕೆಳಗೆ

ಕಡೆಗೆ ಹಗುರದ್ದೇ ಸೈ ಎಂದು ಗಟ್ಟಿ ಮಾಡಿ ಹುಬ್ಬಳ್ಳಿಗೆ ಹೊರಟೆ. ಒಬ್ಬನೇ ಹೋಗಬಾರದೆಂದು ಕಾಕಾನನ್ನು ಕರೆದುಕೊಂಡೆ. ಕಾಕಾ ಜೀವನದಲ್ಲಿ ಕೊಂಡ ದೊಡ್ಡ ವಸ್ತು ಎಂದರೆ ಎತ್ತುಗಳೇ. ಎತ್ತಿನ ವ್ಯಾಪಾರದಲ್ಲಿ ಅವರಿಗೆ ಮೋಸ ಮಾಡಿದವರು ಯಾರೂ ಇಲ್ಲ.

ಅಂಗಡಿಯಲ್ಲಿ ಹಗುರದ ಮಷೀನನ್ನು ಕಾಕಾ ಒಂದೇ ಕೈಯಲ್ಲಿ ಎತ್ತಿ ಕೆಳಗಿಟ್ಟರು. "ಇದರಾಗ ಏನೂ ಇಲ್ಲಲೇ. ತೂಕ ಇಲ್ಲದ ಎತ್ತು ಹೊಲದಾಗ ಗಳೇ ಎಳಿಯಾಕ ಬರಂಗಿಲ್ಲ." ಆಮೇಲೆ ಭಾರದ್ದನ್ನು ಎತ್ತಲು ನೋಡಿದರು, ಆಗಲಿಲ್ಲ. ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬೆನ್ನು ಸವರಿ, "ಇದ ಇರಲಿ" ಎಂದರು. ನಾನು ಬಾಯಿ ತೆಗೆಯುವುದರೊಳಗೆ ಅಂಗಡಿಯ ಎಳೆ ವಯಸ್ಸಿನ ಮಾಲೀಕನ ಬಲಗೈ ಹಿಡಿದು, ಅದರ ಮೇಲೆ ತಮ್ಮ ಹೆಗಲ ಮೇಲಿನ ವಸ್ತ್ರ, ವಲ್ಲಿಯನ್ನು ಹೊದಿಸಿದರು.

ದನದ ಸಂತೆಯಲ್ಲಿ ರೇಟನ್ನು ಬಾಯಿಂದ ಆಡುವುದಿಲ್ಲ. ವಲ್ಲಿಯ ಕೆಳಗೆ ಬೆರಳು ಹಿಚುಕಿ ಹೇಳುತ್ತಾರೆ, ಪಕ್ಕದವನಿಗೆ ತಿಳಿಯಬಾರದು. ಪಾಪ, ಆ ಹುಡುಗನಿಗೆ ಇದು ಗೊತ್ತಿಲ್ಲ. "ಅಜ್ಜಾರ, ಯಾಕ್ರಿ? ಆರಾಮ ಇಲ್ಲೇನ್ರಿ? ಕುಂದ್ರತೀರೇನು?" ಎಂದ. ಕಾಕಾ, "ಮಾತಾಡಬ್ಯಾಡ, ಬೆರಳಿಲೆ ಹೇಳು" ಎಂದು ಮತ್ತೊಂದು ಬೆರಳು ಹಿಚುಕಿದರು. ಅವನು ಕೈ ಕಿತ್ತುಕೊಳ್ಳಲು ಒದ್ದಾಡಿದ. ಆ ಒದ್ದಾಟವನ್ನೆಲ್ಲ ನೋಡಿ ಕಾಕಾ, ಹುಡುಗ ರೇಟು ಏರಿಸುತ್ತಿದ್ದಾನೆಂದು ತಿಳಿದು ಇನ್ನೂ ಬಿಗಿಯಾಗಿ ಹಿಚುಕುತ್ತಾ ಹೋದರು. ಅಂಗಡಿಗೆ ಬಂದವರೆಲ್ಲ ಸುತ್ತ ನಿಂತರು. ನನಗೆ ಅಲ್ಲಿಂದ ಓಡಿಹೋಗಬೇಕೆನಿಸಿತು.

ಕಡೆಗೆ ಹುಡುಗ ಅಳುವ ದನಿಯಲ್ಲಿ ಹೇಳಿದ: "ಅಜ್ಜಾರ, ನಿಮಗ ಎಷ್ಟ ತಿಳೀತೈತಿ ಅಷ್ಟ ಕೊಡ್ರಿ. ಮೊದಲ ಕೈ ಬಿಡ್ರಿ."

ಕಾಕಾ ವಲ್ಲಿ ಝಾಡಿಸಿ ಹೆಗಲಿಗೆ ಹಾಕಿಕೊಂಡು, "ಛಲೋ ಮನತನದ ಹುಡುಗ, ಲಗೂನ ಒಪ್ಪಿದ" ಎಂದರು.

ಓಣಿಯ ಬೆಳಕು

ಭಾರದ ಮಷೀನು ಮನೆಗೆ ಬಂತು. ವಿಡಿಯೋ ನೋಡಿಕೊಂಡು ನಾನು ವೆಲ್ಡಿಂಗ್ ರಾಡನ್ನು ಕಬ್ಬಿಣಕ್ಕೆ ಮುಟ್ಟಿಸಿದಾಗಲೆಲ್ಲ ಓಣಿಯ ದೀಪಗಳು ಮಂಕಾಗತೊಡಗಿದವು. ಎದುರು ಮನೆಯಾಕೆ ಹೊರಗೆ ಬಂದು, "ಮಾಸ್ತರ್ರ, ಧಾರಾವಾಹಿಯೊಳಗ ಸೊಸಿ ಬಾಯಿ ತೆಗದ ಕೂಡಲೆ ನೀವು ಕಿಡಿ ಹಾರಸ್ತೀರಿ. ಆಕಿ ಏನಂದ್ಳು ಗೊತ್ತಾಗವಲ್ದು" ಎಂದಳು. ಹಿಟ್ಟಿನ ಗಿರಣಿಯವನೂ ಬಂದು ಹೋದ. ಯಾರೋ ಕರೆಂಟಿನ ಲೈನ್‌ಮನ್‌ಗೆ ಹೇಳಿಯೂಬಿಟ್ಟರು.

ಲೈನ್‌ಮನ್ ಬೈಕಿನ ಮೇಲೆ ಬಂದು, "ಯಾರ ಮನ್ಯಾಗ ಮಷೀನ್ ಹಚ್ಚೀರಿ?" ಎಂದು ಗುಡುಗಿದರು. ಓಣಿಯ ಅಷ್ಟೂ ಕೈಗಳು ನನ್ನ ಕಡೆ ತಿರುಗಿದವು. ಮಷೀನು ಹೊತ್ತುಕೊಂಡು ಹೋದರೆ ಜೋಕಾಲಿ ಹೋಯಿತು, ತಂಗಿಯೂ ಬರುವುದಿಲ್ಲ. ಅವರು ಮಷೀನನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಬೈಕನ್ನು ಗೋಡೆಗೆ ಒರಗಿಸಿ, ಮುರಿದು ಜೋತಾಡುತ್ತಿದ್ದ ಅದರ ಸ್ಟ್ಯಾಂಡ್ ತೋರಿಸಿದರು.

"ಮೊದಲ ಇದಕ್ಕೊಂದು ಟಾಕಾ ಹಾಕ್ರಿ. ಆಮ್ಯಾಲೆ ಬೈತೀನಿ."

ಹಾಕಿದೆ. ಅವರು ಬೈದರು, ಜನ ಟೀವಿ ನೋಡದ ಹೊತ್ತಿನಲ್ಲಿ ಮಾಡಿಕೊಳ್ಳಿ ಎಂದು ಹೇಳಿ ಹೋದರು.

ಪಂಚಮಿ

ಜೋಕಾಲಿ ಎದ್ದು ನಿಂತಿತು. ನಾಲ್ಕು ಕಾಲು, ಮೇಲೊಂದು ಅಡ್ಡ ಪೈಪು, ಪೈಪಿಗೆ ಎರಡು ಬಳೆ, ಬಳೆಗಳಿಂದ ಇಳಿದ ದಪ್ಪನೆಯ ಸಲಾಕೆಗಳು, ಕೆಳಗೆ ಕೂತುಕೊಳ್ಳುವ ಮಣೆ. ನೋಡಿದವರದೆಲ್ಲ ಒಂದೇ ಪ್ರಶ್ನೆ: "ತಡೀತೈತೇನ್ರಿ ಮಾಸ್ತರ್ರ?" ಒಬ್ಬೊಬ್ಬರು ಕೇಳಿದಾಗಲೂ ನನಗೆ ಅದೇ ಯೋಚನೆ: ತಂಗಿ ಬಿದ್ದುಗಿದ್ದರೆ ಗತಿಯೇನು? ಅವರು ಆ ಕಡೆ ಹೋದ ಮೇಲೆ ಮಷೀನು ಹಚ್ಚಿ, ಕಬ್ಬಿಣಕ್ಕೆ ಕಬ್ಬಿಣ ಎಲ್ಲೆಲ್ಲಿ ತಾಗಿದೆಯೋ ಅಲ್ಲೆಲ್ಲ ಇನ್ನೊಂದು ಗೆರೆ ಎಳೆಯುತ್ತಿದ್ದೆ. ಹಬ್ಬದ ಹಿಂದಿನ ದಿನ ಕಾಕಾ ಮಣೆಯ ಮೇಲೆ ಜೋಳದ ಚೀಲ ಹೇರಿಸಿ ಪರೀಕ್ಷೆ ಮಾಡಿದರು. ಚೀಲದ ಮೇಲೆ ಚೀಲ ಬಿದ್ದರೂ ಜೋಕಾಲಿ ಒಂದಿಷ್ಟೂ ಅಲುಗಾಡಲಿಲ್ಲ. ನಮಗೆಲ್ಲ ಸಮಾಧಾನವಾಯಿತು.

ಮರುದಿನ ತಂಗಿ ಬಂದಳು. ಓಣಿಯ ಹೆಣ್ಣುಮಕ್ಕಳೆಲ್ಲ ಹೊಸ ಸೀರೆ ಉಟ್ಟು ಸಾಲಾಗಿ ನಿಂತಿದ್ದರು. ತಂಗಿ ಜೋಕಾಲಿಗೆ ಕುಂಕುಮ ಹಚ್ಚಿ, ಸೆರಗು ಸಿಕ್ಕಿಸಿ ಕೂತಳು. ಕಾಲಿನಿಂದ ನೆಲ ಒತ್ತಿದಳು. ಏನೂ ಆಗಲಿಲ್ಲ. ನನ್ನ ಹೆಂಡತಿ ಹಿಂದಿನಿಂದ ನೂಕಿದಳು. ಆಗಲೂ ಇಲ್ಲ. ಇಬ್ಬರು ಗಟ್ಟಿ ಹೆಂಗಸರು ಬಂದು ಕೈಹಚ್ಚಿದರು. ಕಾಲು, ಪೈಪು, ಮಣೆ, ತಂಗಿ ಎಲ್ಲ ಕೂಡಿ ದನ ಮೇವು ತಿನ್ನುವ ಗ್ವಾದಲಿಯ ಕಡೆ ಒಂದು ಮೊಳ ಸರಿದವು. ನಾನು ಓಡಿಹೋಗಿ ಮೇಲೆ ನೋಡಿದೆ. ಪೈಪಿನ ಮೇಲೆ ತಿರುಗಬೇಕಾದ ಎರಡೂ ಬಳೆಗಳನ್ನು ಸುತ್ತಲೂ ವೆಲ್ಡ್ ಮಾಡಿ ಪೈಪಿಗೇ ಅಂಟಿಸಿದ್ದೆ.

ನನಗೆ ಕಣ್ಣಲ್ಲಿ ನೀರು ಬರುವುದೊಂದೇ ಬಾಕಿ. ಇವಳು ಸಂಜೆಯ ಬಸ್ಸಿಗೇ ಹೊರಟರೆ ಏನು ಮಾಡಲಿ? "ಇಳಿಯವ್ವಾ, ಚಾಚಾನ ಕರ್ಕೊಂಡು ಬಂದು ಕೊಯ್ಸಿ ಸರಿ ಮಾಡಿಸ್ತೀನಿ" ಎಂದೆ. ತಂಗಿ ಇಳಿಯಲಿಲ್ಲ. ಅತ್ತಿಗೆಯ ಕೈಯಿಂದ ಉಂಡಿ ಇಸಿದುಕೊಂಡು ಅಲ್ಲೇ ಕೂತು ಮುರಿದು ಬಾಯಿಗೆ ಹಾಕಿಕೊಂಡಳು.

"ಇರ್ಲಿ ಬಿಡಣ್ಣಾ, ಅಗದಿ ಗಟ್ಟಿ ಆಗೇತಿ" ಎಂದಳು. "ನಾ ಹಿಂಗ ಕುಂತಿರ್ತೀನಿ. ನೀ ನಮ್ಮ ಮನೀನ ಹಿಡದು ಸ್ವಲ್ಪ ಹಿಂದ ಮುಂದ ತೂಗು."