ಆದೇಶವಿಲ್ಲದ ಗ್ರಹಣ

ಸೂರ್ಯನಿಗೆ ಹಿಡಿದ ಗ್ರಹಣಗಳಲ್ಲಿ ಕಚೇರಿಯ ಸಹಿ, ಸಿಕ್ಕಾ ಎರಡೂ ಬಿದ್ದದ್ದು ಒಂದೇ ಒಂದು. ಅದು ಗದಗ ತಾಲ್ಲೂಕಿನ ಹೊಂಬಳದಲ್ಲಿ, ಶಾಲೆಯ ಮಾಳಿಗೆಯ ಮೇಲೆ, ಶುಕ್ರವಾರ ಮುಂಜಾನೆ ಹನ್ನೊಂದಕ್ಕೆ ಸರಿಯಾಗಿ ನಡೆಯಿತು. ಬೇರೆ ಜಿಲ್ಲೆಯವರು ಹೊಟ್ಟೆಕಿಚ್ಚಿಗೆ ಏನಾದರೂ ಅಂದುಕೊಳ್ಳಲಿ.

ಇದಕ್ಕೆಲ್ಲ ಕಾರಣ ಲಕ್ಷ್ಮೇಶ್ವರದ ಭೀಮೇಶ. ಹನ್ನೆರಡು ವರ್ಷ ಮದುವೆ ವಿಡಿಯೋ ತೆಗೆದವನು. ಅಕ್ಕಿಕಾಳು ಬೀಳುವುದನ್ನು ಅವನಷ್ಟು ಚಂದ ತೆಗೆಯುವವರು ಮೂರು ಲೋಕದಲ್ಲಿಲ್ಲ. ಈಗ ಸ್ವಂತ ಸಿನಿಮಾಕ್ಕೆ ಕೈ ಹಾಕಿದ್ದ. ವಿಜ್ಞಾನದ ಟೀಚರಿಗೂ ಪಂಚಾಂಗ ಓದುವವರ ಮಗನಿಗೂ ಪ್ರೀತಿ. ಸೂರ್ಯಗ್ರಹಣ ಹಿಡಿದಾಗ ಆಕೆ ಅವನ ಬಾಯಿಗೆ ಮಿರ್ಚಿ ಭಜಿ ಹಿಡಿಯುತ್ತಾಳೆ. ಗ್ರಹಣದಲ್ಲಿ ಹನಿ ನೀರೂ ಮುಟ್ಟದ ಮನೆತನದ ಹುಡುಗ ಅದನ್ನು ಕಚ್ಚುತ್ತಾನೆ. ವಿಜ್ಞಾನ, ದೈವ, ಪ್ರೇಮ ಮೂರೂ ಆ ಒಂದು ತುತ್ತಿನಲ್ಲಿ. ತುತ್ತು ಇಲ್ಲದಿದ್ದರೆ ಸಿನಿಮಾ ಇಲ್ಲ.

ಗ್ರಹಣ ಮಂಗಳವಾರವಿತ್ತು. ಮಾಳಿಗೆ ಏರಲು ಚಿತ್ರೀಕರಣ ಅನುಮತಿ ಶಾಖೆಯ ಕಾಗದ ಬೇಕು; ಅರ್ಜಿ ಕೊಟ್ಟು ಮೂರು ತಿಂಗಳಾಗಿತ್ತು. ಅಂದು ಬೆಳಿಗ್ಗೆ ಭೀಮೇಶ ಓಡಿಬಂದಾಗ ಶಾಖೆಯ ಮುಖ್ಯಸ್ಥ ಗವಿಸಿದ್ದಪ್ಪನವರು, ಮನೆಯಲ್ಲಿ ಉಪ್ಪಿನಕಾಯಿ ಭರಣಿಗೆ ಹಾಕುವಂತೆ, ಒಂದೊಂದು ಫೈಲಿನ ಮೇಲೂ ಒಂದೊಂದು ಎಸಳು ಗರಿಕೆ ಇಡುತ್ತಿದ್ದರು.

"ಸಾಹೇಬ್ರ, ಒಂದ ಸಹಿ ರೀ!"

"ಗ್ರಹಣದಾಗ ಮಾಡಿದ ಸಹಿ ಹಳಸ್ತೈತಿ ತಮ್ಮಾ. ಬಿಟ್ಟ ಮ್ಯಾಲೆ ಜಳಕಾ ಮಾಡಿ ಹಾಕ್ತೀನಿ."

ಗ್ರಹಣ ಬಿಟ್ಟಿತು. ಅವರು ಜಳಕ ಮಾಡಿ, ಊಟ ಮಾಡಿ, ನಿದ್ದೆ ಮಾಡಿ, ಬುಧವಾರ ಸಹಿ ಹಾಕಿದರು. ಕೊಟ್ಟ ಮಾತಿಗೆ ತಪ್ಪುವ ಮನುಷ್ಯರೇ ಅಲ್ಲ.

"ಗ್ರಹಣ ಹೋತಲ್ರಿ!" ಭೀಮೇಶ ಕಿಟಕಿಯಾಚೆಯ ಬಿಸಿಲು ತೋರಿಸಿದ.

"ಅದು ಪರವಾನಗಿ ಇಲ್ದ ಆಗಿದ್ದು. ನಮ್ಮ ದಫ್ತರದಾಗ ಅದರ ಖಬರ ಇಲ್ಲ. ಇನ್ನೊಂದ ಮಾಡ್ಸೂಣು, ಕುಂಡ್ರು."

ಸಂಜೆಗೆ ಪ್ರಕಟಣೆ ಹೊರಬಿತ್ತು: "ಮಂಗಳವಾರದಂದು ಅನುಮತಿಯಿಲ್ಲದೆ ಸಂಭವಿಸಿದ ಸೂರ್ಯಗ್ರಹಣವನ್ನು ರದ್ದುಪಡಿಸಲಾಗಿದೆ. ಸದರಿ ಗ್ರಹಣವು ಶುಕ್ರವಾರ ಹೊಂಬಳದಲ್ಲಿ ಮರಳಿ ಜರುಗುವುದು. ಸೂರ್ಯನು ಸ್ವಸ್ಥಾನದಲ್ಲಿ ಖುದ್ದು ಹಾಜರಿರತಕ್ಕದ್ದು. ಚಂದ್ರನ ಹುದ್ದೆಗೆ ಶ್ರೀ ಮೈಲಾರಪ್ಪ ಇವರನ್ನು ಕಾಯಂ ಆಗಿ ನೇಮಿಸಲಾಗಿದೆ."

ಮೈಲಾರಪ್ಪ ಗವಿಸಿದ್ದಪ್ಪನವರ ಅಳಿಯ. ಎರಡು ವರ್ಷದಿಂದ ಖಾಲಿ ಕುಳಿತಿದ್ದ.

ಶುಕ್ರವಾರ ಸೂರ್ಯ ವೇಳೆಗೆ ಹಾಜರಾದ. ಮೈಲಾರಪ್ಪ ಊರಿನ ಕರಿಯವ್ವನ ರೊಟ್ಟಿ ಹಂಚನ್ನು ಬಿದಿರಿಗೆ ಕಟ್ಟಿ, ಏಣಿ ಏರಿ ಎತ್ತಿ ಹಿಡಿದ. ನಾಯಕಿ ಶೃತಿ, ನಾಯಕ ಸೋಮೇಶ ಇಬ್ಬರ ಮೋರೆಯ ಮೇಲೂ ಕಪ್ಪು ನೆರಳು ಬಿತ್ತು.

"ಇದು ಖರೆ ಗ್ರಹಣ ಏನೋ ಯಪ್ಪಾ?" ಕರಿಯವ್ವ ಕೇಳಿದಳು.

"ಆರ್ಡರ್ ಐತಿ ಬೇ," ಅಂದ ಭೀಮೇಶ.

"ಹಂಗಾರ ಖರೇನ," ಎಂದು ಆಕೆ ಮೊಸರಿನ ಗಡಿಗೆಗೆ ಗರಿಕೆ ಹಾಕಲು ಮನೆಗೆ ಓಡಿದಳು.

ಕ್ಯಾಮೆರಾ ಶುರುವಾಯಿತು. ಶೃತಿ ಮಿರ್ಚಿ ಹಿಡಿದಳು. ಸೋಮೇಶ ಬಾಯಿ ತೆರೆಯಲಿಲ್ಲ.

"ತಿನ್ನಲೇ!" ಭೀಮೇಶ ಒದರಿದ.

"ಒಲ್ಲೆ. ಗ್ರಹಣದಾಗ ತಿನಬಾರ್ದಂತ ನಮ್ಮವ್ವ ಹೇಳ್ಯಾಳ."

"ಮಂಗಳವಾರ ತಿಂತೀನಿ ಅಂದಿದ್ದೆಲ್ಲಲೇ?"

"ಅದು ಬರೇ ಆಕಾಶದ್ದು. ಇದಕ್ಕ ಸಿಕ್ಕಾ ಬಿದ್ದೈತಿ."

"ಜಲ್ದಿ ತಿನ್ನಪಾ, ಎಣ್ಣಿ ಮೊಣಕೈಗೆ ಇಳ್ಯಾಕ ಹತ್ತೇತಿ," ಎಂದಳು ಶೃತಿ.

ಮೇಲಿನಿಂದ ಮೈಲಾರಪ್ಪ ಕೂಗಿದ: "ಕೈ ಸೋತಾವ್ರೀ! ಚಂದ್ರ ಬೀಳ್ತಾನ!"

ಹನ್ನೆರಡು ವರ್ಷದ ಕನಸು ಏಣಿಯ ಮೇಲೆ ನಡುಗುತ್ತಿತ್ತು. ಭೀಮೇಶ ಗವಿಸಿದ್ದಪ್ಪನವರತ್ತ ಓಡಿದ. ಗ್ರಹಣದ ಉಸ್ತುವಾರಿಗೆಂದು ಬಂದಿದ್ದ ಅವರು ಖುರ್ಚಿಯಲ್ಲಿ ಕುಳಿತು ಶೂಟಿಂಗಿಗೆ ತರಿಸಿದ್ದ ಮಿರ್ಚಿಗಳಲ್ಲಿ ಆರನೆಯದನ್ನು ಮುಗಿಸುತ್ತಿದ್ದರು.

"ನೀವು ತಿನ್ನಾಕ ಹತ್ತೀರಲ್ರಿ?"

"ನಾ ಹೊರಡಿಸಿದ ಗ್ರಹಣ, ನನಗ ತಟ್ಟೂದಿಲ್ಲ. ಆದ್ರ ಆ ಹುಡುಗಂದು ನ್ಯಾಯವಾದ ತಕರಾರು." ಭಜಿ ಕಟ್ಟಿದ್ದ ಕಾಗದದ ಮೇಲೇ ಬರೆದು, ಸಿಕ್ಕಾ ಒತ್ತಿ ಕೊಟ್ಟರು: "ಈ ಒಂದು ಮಿರ್ಚಿಗೆ ಮಾತ್ರ ಗ್ರಹಣದೋಷದಿಂದ ವಿನಾಯಿತಿ ನೀಡಿದೆ."

ಸೋಮೇಶ ಅದನ್ನು ಎರಡು ಸಲ ಓದಿ, ಕಚ್ಚಿದ. ಖಾರಕ್ಕೆ ಕಣ್ಣೀರು ದಳದಳ ಇಳಿಯಿತು. ಅಂಥ ಪ್ರೇಮ ಯಾವ ಪರದೆಯ ಮೇಲೂ ಬಂದಿಲ್ಲ. ಮುಂಡರಗಿಯಲ್ಲಿ ಸಿನಿಮಾ ತೋರಿಸಿದಾಗ, ಆ ದೃಶ್ಯ ಮುಗಿದದ್ದೇ ತಡ, ನೋಡುಗರೆಲ್ಲ ಜಳಕಕ್ಕೆ ಎದ್ದುಹೋದರು.

ಮರುವರ್ಷ ಭೀಮೇಶ ಹೊಂಬಳಕ್ಕೆ ಹೋಗಿದ್ದಾಗ ಹಾಡಹಗಲೇ ಬಿಸಿಲು ಮಂಕಾಯಿತು. ಅವನು ಗವಿಸಿದ್ದಪ್ಪನವರಿಗೆ ಫೋನ್ ಹಚ್ಚಿದ.

"ಸಾಹೇಬ್ರ, ಇದಕ್ಕ ಆರ್ಡರ್ ಐತೇನ್ರಿ?"

"ಎಲ್ಲೀದು? ಮೈಲಾರಪ್ಪ ಇವತ್ತ ರಜಾದ ಮ್ಯಾಲೆ ಅದಾನ."

ಭೀಮೇಶ ಕ್ಯಾಮೆರಾಕ್ಕೆ ಮುಚ್ಚಳ ಹಾಕಿ ಕರಿಯವ್ವನ ಅಡುಗೆಮನೆಯಲ್ಲಿ ಕುಳಿತ. ಹೊರಗೆ ಕತ್ತಲಾಗುತ್ತಿತ್ತು. ಆಕೆ ಚಂದ್ರನನ್ನು ಒಲೆಯ ಮೇಲಿಟ್ಟು, ಬಿಸಿಬಿಸಿ ರೊಟ್ಟಿ ಬಡಿದು ಹಾಕತೊಡಗಿದಳು.