ಮಾವ ಒಡೆದ ಮೊಹರು

ನನ್ನ ಸೋದರಮಾವನ ಎದುರು ಮುಚ್ಚಿದ ವಸ್ತು ಯಾವುದೂ ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ಮುಚ್ಚಿಕೊಂಡು ಇದ್ದದ್ದನ್ನು ನಾನಂತೂ ಕಂಡಿಲ್ಲ! ಬೀಗರು ತಂದ ಬುತ್ತಿಯ ಗಂಟಿರಲಿ, ಪಕ್ಕದ ಮನೆಗೆ ಬಂದ ಟಪಾಲಿರಲಿ, ಮೊದಲು ಬಿಚ್ಚಬೇಕು, ಇಣುಕಬೇಕು, ಆಮೇಲೆ ಮಾತು. ತಪ್ಪು ಅವನದಲ್ಲ ಬಿಡಿ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಮೂವತ್ತು ವರ್ಷ ದಲಾಲಿ ಮಾಡಿದವನು. ಮೇಲೆ ಕೆಂಪಗೆ ಮಿರುಗುವ ಕಾಯಿ, ತಳದಲ್ಲಿ ಬಣ್ಣಗೆಟ್ಟ ಬಿಳಿಗಾಯಿ ತುಂಬಿದ ಚೀಲಗಳನ್ನು ಎಷ್ಟು ಕಂಡಿದ್ದನೋ! ಮೊಳಕೈವರೆಗೆ ಕೈ ತೂರಿಸಿ ತಳದ ಕಾಯಿ ಹಿರಿದು ನೋಡದೆ ಅವನು ಯಾವ ಚೀಲಕ್ಕೂ ಹೂಂ ಅಂದವನಲ್ಲ.

ಇಂಥವನ ಕೈಗೆ ನನ್ನ ಭವಿಷ್ಯ ಸಿಕ್ಕಿತು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದ ನನಗೆ ಬೀಜಗಳ ಬಗ್ಗೆ ಎರಡು ವರ್ಷ ಓದಲು ಕೆನಡಾದಲ್ಲಿ ಸೀಟು ಸಿಕ್ಕಿತ್ತು. ಸೆಪ್ಟೆಂಬರ್ ಮೊದಲ ವಾರಕ್ಕೆ ಅಲ್ಲಿ ಹಾಜರಾಗದಿದ್ದರೆ ಸೀಟು ಹೋದಂತೆಯೇ. ಹೋಗಬೇಕೆಂದರೆ ಓದುವ ಪರವಾನಗಿ ಬೇಕು. ಪರವಾನಗಿಗೆ ಕಾಗದಗಳು ಬೇಕು. ಯಾವ ಕಾಗದ, ಎಲ್ಲಿ ಸಿಗುತ್ತದೆ ಎಂದು ಯಾರನ್ನು ಕೇಳುವುದು? ನಮ್ಮ ಓಣಿಯಲ್ಲಿ ಹುಬ್ಬಳ್ಳಿ ದಾಟಿ ಹೋದವರೇ ನಾಲ್ಕು ಮಂದಿ! ರಾಯಭಾರ ಕಚೇರಿ ಕಳಿಸಿದ ಇಂಗ್ಲಿಷ್ ಪಟ್ಟಿಯನ್ನು ಅಪ್ಪ ಮೂರು ಸಲ ಓದಿ, ಕನ್ನಡಕ ಒರೆಸಿಕೊಂಡು ನಾಲ್ಕನೆಯ ಸಲ ಓದಿ, "ಇದನ್ನ ನಿಮ್ಮ ಮಾಮಾಗ ತೋರಸು" ಎಂದು ಕೈ ತೊಳೆದುಕೊಂಡರು.

ಮೊದಲ ಕಾಗದವೇ ಜನನ ಪ್ರಮಾಣಪತ್ರ. "ಹುಟ್ಟಿದ್ದಕ್ಕ ಪುರಾವೆ ಯಾಕಬೇಕು? ಹುಡುಗಿ ಎದುರಿಗೇ ನಿಂತಾಳಲ್ಲ!" ಎಂದ ಮಾವ. ಸರಿ, ಆದರೆ ಹುಟ್ಟಿದ್ದು ಎಲ್ಲಿ? ಅಪ್ಪನ ಪ್ರಕಾರ ರಾಣೆಬೆನ್ನೂರಿನಲ್ಲಿ. ಮಾವನ ಪ್ರಕಾರ ಬ್ಯಾಡಗಿಯಲ್ಲಿ, ಅವ್ವನ ತವರಿನಲ್ಲಿ. ಹಾವೇರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವಲ್ಲ ಎಂದಳು ಅಜ್ಜಿ. ಅವ್ವನನ್ನೇ ಕೇಳಿದರೆ, "ಅಂಥಾ ಬ್ಯಾನ್ಯಾಗ ಊರ ಬೋರ್ಡ್ ಓದಕೋತ ಕುಂದರಲೇನು?" ಎಂದು ನಮ್ಮ ಮೇಲೇ ಹರಿಹಾಯ್ದಳು. ಮೂರೂರಿನ ನೋಂದಣಿ ಪುಸ್ತಕಗಳನ್ನೂ ಹುಡುಕುತ್ತ ಎಷ್ಟು ತಿರುಗಿದೆವೆಂದರೆ, ಕೊನೆಗೆ ಬಸ್ಸಿನ ಕಂಡಕ್ಟರನೇ, "ಅಕ್ಕಾರ, ಇವತ್ತ ಯಾವೂರಾಗ ಹುಟ್ಟಾಕ ಹೊಂಟೀರಿ?" ಎಂದು ಕೇಳತೊಡಗಿದ. ಅಜ್ಜಿಯೇ ಗೆದ್ದಳು. ನಾನು ಹಾವೇರಿಯಲ್ಲಿ ಹುಟ್ಟಿದ್ದೆ.

ಮುಂದಿನದು ಅಂಕಪಟ್ಟಿ. ನಾನು ಓದಿದ ವಿಶ್ವವಿದ್ಯಾಲಯದವರೇ ಲಕೋಟೆಯಲ್ಲಿಟ್ಟು ಮೊಹರು ಹಾಕಿ ಕೊಡಬೇಕು, ಯಾರೂ ಒಡೆಯಬಾರದು. ನನಗೆ ಕಾಲೇಜಿನಲ್ಲಿ ಪರೀಕ್ಷೆಯ ಕೆಲಸವಿತ್ತು. ಮಾವ ತಾನೇ ಹೋಗಿ ತಂದ. ತಂದ ಲಕೋಟೆಯ ಮೇಲೆ ಹೊಸ ಕೆಂಪು ಅರಗು ಹೊಳೆಯುತ್ತಿತ್ತು. ಹತ್ತಿರ ಹಿಡಿದು ನೋಡಿದೆ. ಅದರ ಮೇಲೆ ಒತ್ತಿದ್ದು ಮಾವನ ಮೆಣಸಿನಕಾಯಿ ಅಂಗಡಿಯ ಠಸ್ಸೆ!

"ಒಡೀಬಾರದು ಅಂತ ಹೇಳಿದ್ದೆನಲ್ಲೋ ಮಾಮಾ!"

"ಒಡೀಬಾರದು ಅಂದಿದ್ದಕ್ಕನ ಸಂಶಯ ಬಂತವಾ. ಚೀಲ ಬಿಚ್ಚಬ್ಯಾಡ್ರಿ ಅನ್ನಾವನ ಮಾಲು ನಾ ಯಾವತ್ತರ ತಗೊಂಡೇನೇನು?"

ನಾನು ಅಳತೊಡಗಿದೆ. ಮಾವ ತಣ್ಣಗೆ ಹೇಳಿದ: "ಅಳಬ್ಯಾಡ. ಅವು ನಿನ್ನ ಮಾರ್ಕ್ಸ್ ಅಲ್ಲೇ ಅಲ್ಲ. ಬಸ್ಸಿನಾಗ ಬಾಜೂಕ ಕುಂತ ಮಾಸ್ತರ ಓದಿ ಹೇಳಿದ್ರು. ಗುತ್ತಲದ ಯಾವನೋ ಹುಡುಗಂದಂತ. ಇಂಗ್ಲಿಷಿನಾಗ ನಪಾಸ್ ಆಗ್ಯಾನ, ಪಾಪ."

ಈಗ ಹೇಳಿ, ನಾನು ಬೈಯಬೇಕೋ, ಕಾಲಿಗೆ ಬೀಳಬೇಕೋ? ಒಡೆದರೆ ಲಕೋಟೆ ಕೆಲಸಕ್ಕೆ ಬಾರದು. ಒಡೆಯದಿದ್ದರೆ ಒಳಗೆ ಯಾರಿದ್ದಾರೋ ಗೊತ್ತಿಲ್ಲ! ನನ್ನ ತಲೆ ಗಿರ್ರೆಂದಿತು. ಮಾವನದು ತಿರುಗಲಿಲ್ಲ. "ಎದುರಿಗೇ ತುಂಬಸೂಣು" ಎಂದ. ಮರುದಿನ ಇಬ್ಬರೂ ಹೋಗಿ ಗುಮಾಸ್ತರ ಮೇಜಿನ ಮುಂದೆ ಕುಳಿತೆವು. ಮಾವನ ಧೋತರದಲ್ಲಿ ಮನೆ ಮಾಡಿಕೊಂಡಿದ್ದ ಮೆಣಸಿನ ಘಾಟಿಗೆ ಗುಮಾಸ್ತರು ಸೀನಿದರು, ಅವರ ಹಿಂದಿನವರು ಸೀನಿದರು, ಬಾಗಿಲ ಬಳಿಯ ಜವಾನನೂ ಸೀನಿದ. ತಿಂಗಳು ಹಿಡಿಯುತ್ತದೆ ಎಂದಿದ್ದ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು. ಇಡೀ ಕಚೇರಿ ಎದ್ದು ನಿಂತು ನಮ್ಮನ್ನು ಕಳಿಸಿಕೊಟ್ಟಿತು.

ಉಳಿದದ್ದು ಒಂದೇ: ಓದು ಮುಗಿದ ಮೇಲೆ ನಾನು ತಿರುಗಿ ಬರುತ್ತೇನೆ ಎಂಬುದಕ್ಕೆ ಪುರಾವೆ. ಇನ್ನೂ ಹೋಗಿಯೇ ಇಲ್ಲ, ಬರುವುದಕ್ಕೆ ಪುರಾವೆ ಎಲ್ಲಿಂದ ತರುವುದು? ಕಾಲೇಜಿನವರು ಕೆಲಸ ಕಾದಿಟ್ಟಿರುತ್ತೇವೆ ಎಂದು ಪತ್ರ ಕೊಟ್ಟರು. ಮಾವನಿಗೆ ಅದು ಸಾಲಲಿಲ್ಲ. "ಐದು ಮಂದಿ ಪಂಚರ ಸಹಿ ಇಲ್ಲದ ಕಾಗದಾನೂ ಒಂದು ಕಾಗದೇನು?" ಎಂದು ಛಾಪಾ ಕಾಗದದ ಮೇಲೆ ಪಂಚನಾಮೆಯನ್ನೇ ಬರೆಸಿಬಿಟ್ಟ! ಹುಡುಗಿ ಓದು ಮುಗಿಸಿ ತಿರುಗಿ ಬರುತ್ತಾಳೆ, ಇದಕ್ಕೆ ನಾವು ಐವರೂ ಜವಾಬ್ದಾರರು ಎಂದು. ಹಮಾಲರ ಮುಖಂಡ, ಕೋಲ್ಡ್ ಸ್ಟೋರೇಜಿನ ಮ್ಯಾನೇಜರು, ಚಹಾದಂಗಡಿಯ ಸಾಬರು, ಮಠದ ಅಯ್ಯನವರು, ಐದನೆಯವನು ತಾನು. ಅದನ್ನು ಕಳಿಸಿದರೆ ಬರುವ ಪರವಾನಗಿಯೂ ತಪ್ಪೀತೆಂದು ನಾನು ಕೈಮುಗಿದೆ. ಮಾವ ನಾಲ್ಕು ದಿನ ಮಾತು ಬಿಟ್ಟ.

ಆಗಸ್ಟ್ ಮುಗಿಯುವ ಮೊದಲು ಪರವಾನಗಿ ಬಂತು. ಹೊರಡುವ ದಿನ ರೈಲ್ವೆ ಸ್ಟೇಷನ್ನಿನಲ್ಲಿ ಮಾವ ಅರಗು ಹಾಕಿದ ಲಕೋಟೆಯೊಂದನ್ನು ನನ್ನ ಕೈಗಿಟ್ಟ. "ಪಂಚನಾಮೆ ಐತಿ. ಯಾರರ ಕೇಳಿದ್ರ ತೋರಸು. ಕೇಳದಿದ್ರ ಒಡೀಬ್ಯಾಡ, ಹಂಗ ತಿರುಗಿ ತಗೊಂಡ ಬಾ."

ಒಡೀಬ್ಯಾಡ! ಅದೂ ನಮ್ಮ ಮಾವನ ಬಾಯಲ್ಲಿ! ರೈಲು ಹೊರಟ ಮೇಲೂ ನಗುತ್ತಲೇ ಇದ್ದೆ.

ಯಾರೂ ಕೇಳಲಿಲ್ಲ. ಎರಡು ವರ್ಷ ಅದು ನನ್ನ ಸೂಟ್‌ಕೇಸಿನ ತಳದಲ್ಲಿಯೇ ಇತ್ತು. ಓದು ಮುಗಿಸಿ ಬಂದವಳು ನೇರ ಬ್ಯಾಡಗಿಗೆ, ಮಾವನ ಅಂಗಡಿಗೆ ಹೋಗಿ ಲಕೋಟೆಯನ್ನು ಅವನ ಮುಂದಿಟ್ಟೆ. ಅರಗನ್ನು ಹೊರಳಿಸಿ ಹೊರಳಿಸಿ ನೋಡಿದ.

"ಖರೇನ ಒಡದಿಲ್ಲೇನು?"

"ನೀನ ಬ್ಯಾಡ ಅಂದಿದ್ದೆಲ್ಲ."

"ನನ್ನ ಕೈಲೆ ಆಗತಿದ್ದಿಲ್ಲ ಬಿಡು" ಎಂದು ತಾನೇ ಒಡೆದ. ಕಾಗದದ ಕೆಳಗೆ ಸಾಬರ ಉರ್ದು ಸಹಿಯೂ ಸೇರಿ ನಾಲ್ಕು ಸಹಿಗಳಿದ್ದವು. ಐದನೆಯ ಜಾಗ ಖಾಲಿ.

"ಇದು ನಿಂದಲ್ಲೇನು ಮಾಮಾ?"

ಮಾವ ತಲೆ ಎತ್ತಲಿಲ್ಲ. "ಅವರೆಲ್ಲಾ ನನ್ನ ಮಾತು ನಂಬಿ ಸಹಿ ಹಾಕಿದ್ರು. ನನಗ ಕೈ ಬರಲಿಲ್ಲವಾ. ನೀ ತಿರುಗಿ ಬರೂದಿಲ್ಲ ಅಂತನ ತಿಳಕೊಂಡಿದ್ದೆ."

ಅಂದರೆ, ನಾನು ಬರುವುದಿಲ್ಲವೆಂದು ತಿಳಿದೂ ಅವನು ಮೂರೂರು ತಿರುಗಿದ್ದ, ಗುಮಾಸ್ತರ ಮುಂದೆ ಕುಳಿತಿದ್ದ, ನನ್ನನ್ನು ಕಳಿಸಿಕೊಟ್ಟಿದ್ದ! ಪರ್ಸಿನಿಂದ ಪೆನ್ನು ತೆಗೆದು ಕೊಟ್ಟೆ. ಮಾವ ನನ್ನ ಮುಖವನ್ನೊಮ್ಮೆ ನೋಡಿ ಐದನೆಯ ಜಾಗದಲ್ಲಿ ನಿಧಾನವಾಗಿ ಸಹಿ ಹಾಕಿದ. ಆಮೇಲೆ ಅವನ ಕಣ್ಣು ಮೆಲ್ಲಗೆ ನನ್ನ ಸೂಟ್‌ಕೇಸಿನ ಕಡೆ ಹೊರಳಿತು. ಅವನು ಬಾಯಿ ತೆರೆಯುವ ಮೊದಲೇ ನಾನು ಕೀಲಿಕೈಯನ್ನು ಅವನ ಅಂಗೈಯಲ್ಲಿಟ್ಟೆ.